ಜಾತ್ರೆ ನಾಟಕದಲ್ಲಿ ಪತ್ತೇದಾರಿ ಕಥೆ ನಡೆಸಿದ ನನ್ನ ಅನುಭವ

ಹೋದ ಜಾತ್ರೆಯಲ್ಲಿ ನನ್ನ ಪತ್ತೇದಾರಿ ನಾಟಕ ರಾತ್ರಿ ಹತ್ತೂವರೆಗೆ ಶುರುವಾಗಿ ಬೆಳಗಿನ ಜಾವ ಐದಕ್ಕೆ ಮುಗಿಯಿತು. ಮೂರು ಗಂಟೆಗೆಲ್ಲ ಹೊದ್ದುಕೊಂಡು ಮಲಗುವ ಹೆಂಗಸರೂ ಅವತ್ತು ಎದ್ದು ಕೂತಿದ್ದರು. "ಕವಿಗಳ, ಕಳ್ಳನ್ನ ಹುಡುಕೂ ಕಥಿ ಪುಸ್ತಕಕ್ಕ ಚಂದ್ರಿ, ಸ್ಟೇಜಿಗೆ ನಡಿಯೂದಿಲ್ಲ" ಎಂದು ಹತ್ತು ವರ್ಷ ಹೇಳಿದವರೇ ಈಗ ನಾಟಕದ ಪ್ರತಿ ಕೇಳಿಕೊಂಡು ಜಮಖಂಡಿಯ ನನ್ನ ಝೆರಾಕ್ಸ್ ಅಂಗಡಿಗೆ ಬರುತ್ತಿದ್ದಾರೆ. ಮುಧೋಳ, ಬೀಳಗಿ, ತೇರದಾಳ ಕಡೆ ನಾಟಕ ಬರೆಯುವ ಗೆಳೆಯರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು. ತಾಲೀಮು, ಸೀನರಿ, ಹಾರ್ಮೋನಿಯಂ ಪೇಟಿ ಮಾಸ್ತರರ ಕೆಲಸ ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಟ್ಟು ಬರೆಯುತ್ತೇನೆ. ಲೆಕ್ಕದ ವಹಿ ಎದುರಿಗಿಲ್ಲ, ರೊಕ್ಕದ ಮಾತು ನೆನಪಿನಿಂದ.

ಪತ್ತೇದಾರಿ ಹುಚ್ಚು ನನಗೆ ಹಳೆಯದು. ಸಣ್ಣವನಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಲ್ಲಿ ಓದಿದೆ. ಆಮೇಲೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಷರ್ಲಾಕ್ ಹೋಮ್ಸ್ ಓದಿದೆ. ನಾಲ್ಕು ಕಾದಂಬರಿ, ಐವತ್ತಾರು ಸಣ್ಣ ಕಥೆ, ಒಂದೂ ಬಿಟ್ಟಿಲ್ಲ. ಇಷ್ಟು ಓದಿದವನಿಗೆ ನಾಟಕ ಕಟ್ಟೋದು ಸಲೀಸು ಅಂದುಕೊಂಡಿದ್ದೆ.

ಮೊದಲ ಪ್ರಯತ್ನ 2012ರ ಸುಮಾರಿಗೆ. ನಾಯಕನಿಗೆ ಉದ್ದ ಕೋಟು, ಹ್ಯಾಟು, ಬಾಯಲ್ಲಿ ಪೈಪು, ಕೈಯಲ್ಲಿ ಭೂತಗನ್ನಡಿ. ಸುಳಿವಿಗೆ ಒಂದು ಸುಟ್ಟ ಬೆಂಕಿಕಡ್ಡಿ, ಒಂದು ಹರಿದ ಚೀಟಿ. ಅರವತ್ತು ಅಡಿ ದೂರ ಚಾಪೆ ಹಾಸಿಕೊಂಡು ಕೂತವರಿಗೆ ಬೆಂಕಿಕಡ್ಡಿ ಎಲ್ಲಿ ಕಾಣಬೇಕು? ನಾಯಕ ಆ ಕಡ್ಡಿ ಎತ್ತಿ ಹಿಡಿದ ಹೊತ್ತಿಗೆ ಸರಿಯಾಗಿ ಮೈಕಿನಲ್ಲಿ "ಹಾಸ್ಯ ಪಾತ್ರ ಮೆಚ್ಚಿ ನೂರಾ ಒಂದು ರೂಪಾಯಿ ಆಹೇರಿ" ಅಂತ ಮೆಚ್ಚಿದವರ ಕಾಣಿಕೆಯ ಕೂಗು ಬಂತು. ಆ ಸೀನು ಅಲ್ಲಿಗೇ ಸತ್ತಿತು. ಎರಡು ಗಂಟೆಗೆ ಅರ್ಧ ಬಯಲು ಖಾಲಿ. ಅರ್ಧ ಖರ್ಚಿಗೆ ನಾನೇ ಹೊಣೆ ನಿಂತಿದ್ದೆ. ಕೈಯಿಂದ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಮಷೀನಿನ ಕಂತು ಮೂರು ತಿಂಗಳು ಕಟ್ಟಲಾಗಲಿಲ್ಲ.

ಎರಡನೇ ಸಲ ಖಳನಾಯಕನನ್ನು ಮುಚ್ಚಿಟ್ಟೆ. ಪ್ರೊಫೆಸರ್ ಮೊರಿಯಾರ್ಟಿಯ ಹಾಗೆ ಕತ್ತಲಲ್ಲಿ ಕೂತು ಎಲ್ಲರನ್ನೂ ಆಡಿಸುವವನು. 1893ರಲ್ಲಿ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್ ಅವನನ್ನು ತಂದದ್ದೇ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ ಕಥೆ ಮುಗಿಸಲಿಕ್ಕೆ. ಇಡೀ ಕಥೆಯಲ್ಲಿ ಹೋಮ್ಸ್‌ನ ಗೆಳೆಯ, ಕಥೆ ಹೇಳುವ ವಾಟ್ಸನ್ ಅವನನ್ನು ದೂರದಿಂದ ಕಂಡಷ್ಟೇ, ಉಳಿದದ್ದೆಲ್ಲ ಹೋಮ್ಸ್ ಹೇಳಿದ್ದು. ಓದುವಾಗ ಅದೇ ನಡುಕ ಹುಟ್ಟಿಸುತ್ತದೆ. ಸ್ಟೇಜಿನ ಮೇಲೆ ಅದು ನಡೆಯಲಿಲ್ಲ. ನಮ್ಮಲ್ಲಿ ಪಾತ್ರಕ್ಕೆ ಪಟ್ಟಿ ಹಾಕುವುದು, ಅಂದರೆ ಪಾತ್ರ ಹಿಡಿದವರೇ ಖರ್ಚಿಗೆ ರೊಕ್ಕ ಕೊಡುವುದು, ನಿಮಗೆ ಗೊತ್ತಲ್ವಾ? ಖಳನಾಯಕನ ಪಾತ್ರ ಹಿಡಿದವರು ಎಲ್ಲರಿಗಿಂತ ಜಾಸ್ತಿ, ಹನ್ನೆರಡು ಸಾವಿರ ಕೊಟ್ಟಿದ್ದರು. ತಾಲೀಮಿನ ನಾಲ್ಕನೇ ದಿನ ಬಂದು, "ಕವಿಗಳ, ನಾ ಎಷ್ಟೊತ್ತಿಗೆ ಬರೂದ್ರಿ? ನನ್ನ ಬೀಗರು ಹುನಗುಂದದಿಂದ ನೋಡಾಕ ಬರಾಕತ್ತಾರ" ಎಂದರು. ಅವರ ಪ್ರವೇಶ ಬೆಳಗಿನ ನಾಲ್ಕಕ್ಕಿತ್ತು. ಅವರ ಮಾತು ನ್ಯಾಯದ್ದೇ. ನಡುನಡುವೆ ಅವರಿಗೆ ಸೀನು ತುರುಕಿದೆ, ಗುಟ್ಟು ಹನ್ನೊಂದು ಗಂಟೆಗೇ ಒಡೆಯಿತು.

ಮೂರನೆಯದು ಫ್ರೆಂಚ್ ಕಾದಂಬರಿಕಾರ ಡ್ಯೂಮಾನ 1844ರ ಮೂರು ಬಂದೂಕುಧಾರಿಗಳ ಕಥೆಯ ದಾರಿ. ಆಣೆ ಹಾಕಿಕೊಂಡ ನಾಲ್ವರು ಗೆಳೆಯರು. ನಾಲ್ವರು ನಾಯಕರೆಂದರೆ ನಾಲ್ವರಿಗೂ ಸಮ ಮಾತು, ಸಮ ಹಾಡು, ಸಮ ಹೊಡೆದಾಟ. ತಾಲೀಮಿನಲ್ಲೇ ಮುರಿದುಬಿತ್ತು. ಆದರೆ ಆ ಪುಸ್ತಕದಿಂದ ಒಂದು ವಿಷಯ ಸಿಕ್ಕಿತು. ಕಥೆಯುದ್ದಕ್ಕೂ ವೈರಿಯಾಗಿದ್ದ ರೋಶ್‌ಫೋರ್ ಕೊನೆಗೆ ನಾಯಕ ದಾರ್ತಾನ್ಯನ ಗೆಳೆಯನಾಗುತ್ತಾನೆ. ವೈರಿಗೂ ಒಬ್ಬ ಧಣಿ ಇದ್ದಾನೆ, ಆ ಧಣಿಗೆ ಅವನೂ ನಿಯತ್ತಿನಿಂದಲೇ ದುಡಿದಿದ್ದಾನೆ. ಇದು ನನ್ನ ತಲೆಯಲ್ಲಿ ಕೂತಿತು.

ಆಮೇಲೆ ಎರಡು ವರ್ಷ ಬರೆಯಲಿಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಕಂಪನಿ ನಾಟಕ ನೋಡಿದೆ, ಒಂದೊಂದು ದಿನಕ್ಕೆ ಎರಡು. ನಾಟಕಕ್ಕಿಂತ ಜಾಸ್ತಿ ಜನರನ್ನು ನೋಡಿದೆ. ನಡುವೆ ಎದ್ದು ಚಹಾಕ್ಕೆ ಹೋಗುತ್ತಾರೆ, ಮಿರ್ಚಿ ತಿನ್ನುತ್ತಾರೆ, ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾರೆ. ತಿರುಗಿ ಬಂದು ಪಕ್ಕದವರನ್ನು ಕೇಳುವುದು ಏನು? "ಅಂವ ಇನ್ನೂ ಧಣಿ ಕಡೀಗೇ ಅದಾನೋ, ತಿರುಗಿ ಬಿದ್ನೋ?" ಇಷ್ಟೇ. ಯಾರು ಯಾರ ಕಡೆ, ಯಾರ ಉಪ್ಪು ತಿಂದವನು ಯಾರಿಗೆ ಎರಡು ಬಗೆದ. ಈ ಲೆಕ್ಕ ಮಾತ್ರ ನಮ್ಮ ಮಂದಿ ಎಂದೂ ತಪ್ಪುವುದಿಲ್ಲ. ತಪ್ಪುವುದಾದರೂ ಹೇಗೆ? ಗೆಳೆಯನೇ ಗೆಳೆಯನಿಗೆ ಎರಡು ಬಗೆದ ಬೈಲಹೊಂಗಲದ ಸಂಗ್ಯಾ ಬಾಳ್ಯಾ ಆಟ ಕೇಳಿ ಬೆಳೆದವರು. 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಕಥೆಯಲ್ಲಿ, ಅವನನ್ನು ಹಿಡಿದುಕೊಟ್ಟ ಜಾಗ ಬಂದಾಗ ಈಗಲೂ ಹಲ್ಲು ಕಡಿಯುವವರು.

ಆಗ ತಿಳಿಯಿತು. ಸುಳಿವನ್ನು ಬೆಂಕಿಕಡ್ಡಿಯಲ್ಲಿ ಇಟ್ಟಿದ್ದೇ ತಪ್ಪು. ನಿಯತ್ತಿನಲ್ಲಿ ಇಡಬೇಕಿತ್ತು.

ಈ ಕಣ್ಣಿನಿಂದ ಹಳೆಯ ಪುಸ್ತಕ ತೆಗೆದರೆ ಎಲ್ಲ ಬೇರೆ ಕಂಡಿತು. ಸ್ಟೀವನ್‌ಸನ್ನನ ಟ್ರೆಷರ್ ಐಲ್ಯಾಂಡ್, 1883ರಲ್ಲಿ ಪುಸ್ತಕವಾಗಿ ಬಂದದ್ದು. ಒಂಟಿ ಕಾಲಿನ ಲಾಂಗ್ ಜಾನ್ ಸಿಲ್ವರ್ ಹಡಗಿನ ಅಡಿಗೆಯವನು. ಹುಡುಗ ಜಿಮ್‌ಗೆ ಅವನೆಂದರೆ ಜೀವ. ಹಣ್ಣು ತಿನ್ನಲು ಸೇಬಿನ ಪೀಪಾಯಿಯೊಳಗೆ ಇಳಿದಾಗ ಹೊರಗೆ ಅದೇ ಸಿಲ್ವರ್ ಕೊಲೆಯ ಸಂಚು ಹೇಳುತ್ತಿರುವುದು ಕೇಳುತ್ತದೆ. ಖಳನಾಯಕನನ್ನು ಮುಚ್ಚಿಡಬೇಕಿಲ್ಲ, ಮೊದಲು ಅವನನ್ನು ಜನ ಪ್ರೀತಿಸುವ ಹಾಗೆ ಮಾಡಬೇಕು. ಅಂದರೆ ಹನ್ನೆರಡು ಸಾವಿರ ಕೊಟ್ಟವರಿಗೆ ಮೊದಲ ಸೀನಿನಿಂದಲೇ ಕೆಲಸ. ನನ್ನ ಹತ್ತು ವರ್ಷದ ತೊಡಕು ಹೀಗೆ ಬಿಚ್ಚಿತು.

ನನ್ನ ಕಥೆಯಲ್ಲಿ ಗೌಡರ ಮನೆಯ ಅಡಿಗೆ ಕಾಕಾ ಇದ್ದಾನೆ. ತಾಯಿಯಿಲ್ಲದ ಹುಡುಗನಿಗೆ ಅವನೇ ತುತ್ತು ಹಾಕುವವನು. ದೇವಿಯ ಮೂಗುತಿ ಕಳುವಾಗುತ್ತದೆ. ಕಳ್ಳನನ್ನು ಹುಡುಕಲು ವಿಜಯಪುರದಿಂದ ಒಬ್ಬ ರಿಟೈರ್ಡ್ ಪೊಲೀಸ್ ಫೌಜುದಾರ ಬರುತ್ತಾನೆ, ಅವನ ಜೊತೆ ಒಬ್ಬ ಟಾಂಗಾದವನು. ಮೊದಲ ಒಂದೂವರೆ ತಾಸು ಕಾಕಾನಿಂದ ಬರೀ ಒಳ್ಳೆಯ ಕೆಲಸ ಮಾಡಿಸಿದೆ.

ಪೀಪಾಯಿ ಸೀನಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗ್ಯಾರೇಜಿನಿಂದ ಖಾಲಿ ಎಣ್ಣೆ ಪೀಪಾಯಿ ತಂದೆ, ಎಂಟುನೂರು ರೂಪಾಯಿ. ಹಿಂಬದಿ ಕತ್ತರಿಸಿ ಹುಡುಗ ವಿಂಗಿನಿಂದ ತೆವಳಿ ಒಳಗೆ ಹೋಗುವ ಹಾಗೆ ಮಾಡಿದೆ. ಕತ್ತರಿಸಿದ ಅಂಚಿಗೆ ಸೈಕಲ್ ಟ್ಯೂಬ್ ಹೊಲಿದೆ, ಇಲ್ಲದಿದ್ದರೆ ಮೊಣಕಾಲು ಕೊಯ್ಯುತ್ತದೆ. ಮೊದಲ ತಾಲೀಮಿನಲ್ಲಿ ಹುಡುಗನಿಗೆ ಮಾತು ಕೊಟ್ಟಿದ್ದೆ, "ಅಯ್ಯೋ ದೇವರೇ, ಇದೇನು ಕೇಳುತ್ತಿದ್ದೇನೆ" ಅಂತ. ಚೂರೂ ಹಿಡಿಸಲಿಲ್ಲ. ಮಾತು ಕಿತ್ತುಹಾಕಿ ಪೀಪಾಯಿಯೊಳಗೆ ಒಂದು ಮೈಕು ಇಳಿಬಿಟ್ಟೆ. ಕಾಕಾ ಹೊರಗೆ ಕೂತು ಮೂಗುತಿ ಹಂಚಿಕೊಳ್ಳುವ ಮಾತಾಡುತ್ತಾನೆ, ಕೈಯಲ್ಲಿ ಸೊಪ್ಪು ಸೋಸುತ್ತಲೇ ಇರುತ್ತಾನೆ. ಒಳಗಿಂದ ಹುಡುಗನ ಉಸಿರು ಮಾತ್ರ. ಮೊದಲು ಮೆಲ್ಲಗೆ, ಆಮೇಲೆ ಜೋರು, ಆಮೇಲೆ ಬಾಯಿ ಮುಚ್ಚಿಕೊಂಡು ಬಿಗಿಹಿಡಿದದ್ದು. ನಾಲ್ಕು ದೊಡ್ಡ ಬಾಕ್ಸಿನಲ್ಲಿ ಆ ಉಸಿರು ಊರಿಗೆಲ್ಲ ಕೇಳಿತು. ಎರಡು ಸಾವಿರ ಮಂದಿ ಇದ್ದಿರಬಹುದು, ಒಬ್ಬರೂ ಕೆಮ್ಮಲಿಲ್ಲ. ಮಿರ್ಚಿ ಬಂಡಿಯವರು ಒಲೆ ಸಣ್ಣ ಮಾಡಿ ಎದ್ದು ನಿಂತು ನೋಡುತ್ತಿದ್ದರು. ಇಂಥ ಸೀನು ನಮ್ಮ ತಾಲೂಕಿನಲ್ಲಿ ಬೇರೆ ಯಾರೂ ಮಾಡಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಮೈಕಿಗೆ ಏನು ಸುತ್ತಿದರೆ ಗರಗರ ಸದ್ದು ಬರುವುದಿಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ತಾಲೀಮು, ಎರಡು ಮೈಕು ಕಳೆದಿದ್ದೇನೆ.

ಟಾಂಗಾದವನು ನನ್ನ ವಾಟ್ಸನ್. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದ. ಅದರಲ್ಲೊಂದು, ಪತ್ತೇದಾರನ ಗೆಳೆಯ ತನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡಬಾರದು, ಓದುಗನಿಗಿಂತ ಅವನ ಬುದ್ಧಿ ಒಂದು ಚೂರು ಕಡಿಮೆ ಇರಬೇಕು. ಇದನ್ನು ಅಕ್ಷರಶಃ ಪಾಲಿಸಿದೆ. ಟಾಂಗಾದವನು ತಪ್ಪು ತಿಳಿದಾಗೆಲ್ಲ ಜನ ಕೆಳಗಿನಿಂದ ಕೂಗಿ ತಿದ್ದುತ್ತಾರೆ. ಚಹಾಕ್ಕೆ ಹೋಗಿ ಬಂದವರಿಗೆ ಆ ಕೂಗಿನಲ್ಲೇ ಕಥೆ ತಿಳಿಯುತ್ತದೆ. ಹೋಮ್ಸ್‌ನ ಇನ್ನೊಂದು ಕಥೆಯಲ್ಲಿ ವಾಟ್ಸನ್‌ಗೆ ಗುಂಡು ತಾಗುತ್ತದೆ, ಕಲ್ಲಿನಂಥ ಹೋಮ್ಸ್‌ನ ತುಟಿ ಆಗ ನಡುಗುತ್ತದೆ. ಆ ಪೆಟ್ಟು ತಿಂದದ್ದೂ ಸಾರ್ಥಕ ಅನ್ನಿಸಿತು ವಾಟ್ಸನ್‌ಗೆ. ನನ್ನ ನಾಟಕದಲ್ಲಿ ಟಾಂಗಾದವನಿಗೆ ಚಾಕು ಬೀಳುತ್ತದೆ. ರಾತ್ರಿಯೆಲ್ಲ ಬೆನ್ನು ಬಗ್ಗಿಸದ ಫೌಜುದಾರ ನೆಲಕ್ಕೆ ಕೂತು ತನ್ನ ರುಮಾಲು ಬಿಚ್ಚಿ ಗಾಯಕ್ಕೆ ಸುತ್ತುತ್ತಾನೆ. ಮಾತಿಲ್ಲ, ಪೇಟಿಯೂ ಇಲ್ಲ. ಆ ರಾತ್ರಿ ಟಾಂಗಾದವನಿಗೆ ನಲವತ್ತರ ಮೇಲೆ ಆಹೇರಿ ಬಿತ್ತು, ಡ್ಯಾನ್ಸಿಗಿಂತ ಜಾಸ್ತಿ.

ಆಹೇರಿ ಬಗ್ಗೆ ಒಂದು ಮಾತು. ನಿಲ್ಲಿಸಲು ಹೋಗಬೇಡಿ, ಖರ್ಚು ಹುಟ್ಟುವುದೇ ಅಲ್ಲಿ. ಆದರೆ ಮೈಕಿನವರ ಹತ್ತಿರ ಒಬ್ಬ ಹಿರಿಯರನ್ನು ಕೂರಿಸಿ, ಚೀಟಿ ಎಲ್ಲ ತೆಗೆದಿಟ್ಟುಕೊಂಡು ಪರದೆ ಬಿದ್ದಾಗ ಒಟ್ಟಿಗೆ ಓದಲು ಹೇಳಿ. ಊರಿನ ಹಿರಿಯರೇ ಇರಬೇಕು. ಹುಡುಗರಾದರೆ ಯಾರೂ ಕೇಳಲ್ಲ. ಹಾಗೆಯೇ ಹೊರಗಿನಿಂದ ಬರುವ ಕಲಾವಿದೆಯರಿಗೆ ಸುಳಿವಿನ ಮಾತು ಕೊಡಬೇಡಿ. ಪಾಪ, ಅವರು ಬರುವುದೇ ನಾಟಕದ ದಿನ ಸಂಜೆಗೆ, ಪ್ರಾಂಪ್ಟರ್ ಮೇಲೆ ನಡೆಸಬೇಕು. ಅವರಿಗೆ ಸಿಟ್ಟು, ಅಳು, ಹಾಡು ಕೊಡಿ, ಬೆಂಕಿಯಂತೆ ಮಾಡುತ್ತಾರೆ.

ಈ ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಅಗಾಥಾ ಕ್ರಿಸ್ಟಿ 1926ರಲ್ಲಿ ಕಥೆ ಹೇಳುವವನೇ ಕೊಲೆಗಾರ ಎಂದು ತೋರಿಸಿದ್ದಳಲ್ಲ, ಹಾಗೆ ಟಾಂಗಾದವನನ್ನೇ ಕಳ್ಳ ಮಾಡಿ ಸಾಲೆಯ ಬಯಲಿನಲ್ಲಿ ಸಣ್ಣದಾಗಿ ಆಡಿಸಿದೆ. ಜನ ಸಿಟ್ಟಾದರು. ಒಬ್ಬ ಅಜ್ಜ ಎದ್ದು, "ಇಡೀ ರಾತ್ರಿ ನಮ್ಮ ಜೋಡಿ ಕುಂತು ಮಾತಾಡಿದಾಂವ, ಅವನೂ ಸುಳ್ಳ ಅಂದ್ರ ಹೆಂಗಪಾ?" ಎಂದ. ಓದುಗ ಆ ಮೋಸವನ್ನು ಮೆಚ್ಚಬಹುದು. ಬಯಲಿನಲ್ಲಿ ಕೂತವರು ಮೆಚ್ಚಲಿಲ್ಲ. ಅದನ್ನು ಬಿಟ್ಟೆ.

ಬದಲಿಗೆ ವಿಲ್ಕಿ ಕಾಲಿನ್ಸ್‌ನ 1868ರ ಮೂನ್‌ಸ್ಟೋನ್ ಕೈಹಿಡಿಯಿತು. ಆ ಕಥೆ ಹುಟ್ಟುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮುತ್ತಿಗೆಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ದೇವರ ವಜ್ರ ದೋಚುತ್ತಾನೆ. ಅದರ ಬೆನ್ನು ಹತ್ತಿ ಇಂಗ್ಲೆಂಡಿಗೆ ಹೋದ ಮೂವರು ಬ್ರಾಹ್ಮಣರನ್ನು ಎಲ್ಲರೂ ಕೆಟ್ಟವರೆಂದೇ ನೋಡುತ್ತಾರೆ. ಅವರು ಜಾತಿ ಕಳೆದುಕೊಂಡರೂ ದೇವರ ಕೆಲಸ ಬಿಡಲಿಲ್ಲ, ವಜ್ರ ಕೊನೆಗೆ ದೇವರ ಹಣೆಗೇ ಸೇರುತ್ತದೆ. ಇಡೀ ಪುಸ್ತಕದಲ್ಲಿ ಅವರಷ್ಟು ನಿಯತ್ತಿನವರು ಇಲ್ಲ ಎಂದು ನನ್ನ ನಂಬಿಕೆ. ನಾನೂ ಮೂವರು ಅಪರಿಚಿತರನ್ನು ಮೊದಲ ಅಂಕದಲ್ಲೇ ಊರ ಹೊರಗೆ ನಿಲ್ಲಿಸಿದೆ. ಜನ ಎರಡು ಗಂಟೆಯವರೆಗೂ ಅವರನ್ನೇ ಬೈದರು. ಅವರು ಯಾರು ಎಂದು ತಿಳಿದಾಗ ಹೆಂಗಸರು ಕೂತಲ್ಲೇ ಕೈ ಮುಗಿದರು.

ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ. ಸೀನರಿ, ಲೈಟು, ಸೌಂಡು ಮೂವತ್ತೈದು. ಮೂವರು ಕಲಾವಿದೆಯರಿಗೆ ತಲಾ ಏಳೆಂಟು. ಪೇಟಿ, ತಬಲಾ, ಕೀಬೋರ್ಡಿಗೆ ಹನ್ನೆರಡು. ಉಳಿದದ್ದು ಪೆಂಡಾಲು, ಊಟ, ಹ್ಯಾಂಡ್‌ಬಿಲ್ಲು. ಪಟ್ಟಿ, ಆಹೇರಿ ಸೇರಿ ಖರ್ಚು ಹುಟ್ಟಿ ಐದಾರು ಸಾವಿರ ಉಳಿಯಿತು, ಅದನ್ನು ಗುಡಿಗೆ ಕೊಟ್ಟರು. ನನಗೆ ಬಂದದ್ದು ಆಮೇಲೆ. ಆರು ಊರಿನವರು ಪ್ರತಿ ಒಯ್ದಿದ್ದಾರೆ, ಊರಿಗೆ ನಾಲ್ಕರಿಂದ ಐದು ಸಾವಿರ. 2012ರ ಸಾಲ ತೀರಿತು.

ಮುಗಿಸುವ ಬಗ್ಗೆ ಜಗಳ ದೊಡ್ಡದಾಗಿತ್ತು. ಕಾಕಾನಿಗೆ ಬೇಡಿ ಹಾಕಿಸಿ ಎಂದು ಹಿರಿಯರ ಹಟ. ಸ್ಟೀವನ್‌ಸನ್ ಸಿಲ್ವರ್‌ನನ್ನು ಗಲ್ಲಿಗೆ ಹಾಕಲಿಲ್ಲ, ಒಂದು ಚೀಲ ನಾಣ್ಯ ಹೊತ್ತು ಓಡಿಹೋಗಲು ಬಿಟ್ಟ. ನಾನೂ ಕಾಕಾನನ್ನು ಕತ್ತಲಲ್ಲಿ ಹೊಳೆ ದಾಟಿಸಿದೆ. ಹುಡುಗ ನೋಡುತ್ತಾನೆ, ಕೂಗುವುದಿಲ್ಲ, ಪರದೆ.

ಮರುದಿನ ಬೆಳಿಗ್ಗೆ ಚಹಾದ ಅಂಗಡಿ ಮುಂದೆ ಆ ಹುಡುಗ ಮುಖದ ಬಣ್ಣ ಪೂರ್ತಿ ಹೋಗದೆ ನಿಂತಿದ್ದ. ಒಬ್ಬ ಮುದುಕಿ ಬಂದು ಅವನ ಕೈ ಹಿಡಿದಳು. "ತಮ್ಮಾ, ಕಳ್ಳ ಆದ್ರೂ ಅಷ್ಟು ದಿನ ಉಣಿಸಿದಾನ. ಹೋಗಾಗ ನಾಕ್ ರೊಟ್ಟಿ ಕಟ್ಟಿ ಕೊಡಬಾರ್ದಿತ್ತಾ?"

ಮುಂದಿನ ಊರಿನಿಂದ ಅದನ್ನು ಸೇರಿಸಿದೆ. ಹುಡುಗ ಒಳಗೆ ಹೋಗಿ ರೊಟ್ಟಿ ಗಂಟು ತಂದು ದಂಡೆಯ ಮೇಲಿಡುತ್ತಾನೆ, ಕಾಕಾ ತಿರುಗಿ ಬಂದು ಎತ್ತಿಕೊಳ್ಳುತ್ತಾನೆ. ಎರಡು ನಿಮಿಷ ಜಾಸ್ತಿ ಆಗುತ್ತದೆ. ರೊಟ್ಟಿ ಮಾತ್ರ ನಿಜವಾದದ್ದೇ ಕಟ್ಟಿಸಿ. ಖಾಲಿ ಬಟ್ಟೆ ಸುತ್ತಿದ್ದರೆ ಎತ್ತುವ ಕೈ ನೋಡಿಯೇ ಮುಂದಿನ ಸಾಲಿನವರಿಗೆ ಗೊತ್ತಾಗುತ್ತದೆ.