ಅದೇ ಡೋಸ್, ಜಾಸ್ತಿ ಓಟ: ಇಲಿಗಳ ಮೇಲೆ ಕ್ವಿನ್‌ಪಿರೋಲ್ ಪ್ರಯೋಗ, ನನ್ನ ಅನುಭವ

ಯಾವುದೇ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟರೆ ಮೈ ಒಗ್ಗಿಹೋಗಿ ಪರಿಣಾಮ ಕಡಿಮೆಯಾಗುತ್ತದೆ ಅಂತ ತಾನೇ ನಾವು ಅಂದುಕೊಳ್ಳೋದು? ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕ ಡೋಪಮೈನ್ ಮೇಲೆ ಕೆಲಸ ಮಾಡುವ ಕೆಲವು ಔಷಧಿಗಳಲ್ಲಿ ಉಲ್ಟಾ ಆಗುತ್ತದೆ. ನಡುವೆ ಬಿಡುವು ಬಿಟ್ಟು ಅದೇ ಡೋಸ್ ಕೊಡುತ್ತಾ ಹೋದರೆ ಇಲಿಯ ಓಡಾಟ ಪ್ರತಿ ಸಲ ಏರುತ್ತದೆ. ಸೆನ್ಸಿಟೈಸೇಶನ್ ಅನ್ನೋದು ಇದಕ್ಕೇ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ ನಾನು ಇದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಇಂಥ ಔಷಧಿಗಳಾದ ಆಂಫೆಟಮಿನ್, ಕೊಕೇನ್ ಎರಡೂ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತವೆ, ಆ ಕಾಗದಪತ್ರದ ಸಹವಾಸ ಬೇಡ ಅನ್ನಿಸಿತು. ಆರಿಸಿಕೊಂಡಿದ್ದು ಕ್ವಿನ್‌ಪಿರೋಲ್. ಇದು ನೇರವಾಗಿ ಡಿ2, ಡಿ3 ರಿಸೆಪ್ಟರ್‌ಗಳಿಗೆ, ಅಂದರೆ ಜೀವಕೋಶಗಳ ಮೇಲೆ ಡೋಪಮೈನ್ ಅಂಟುವ ತಾಣಗಳಿಗೆ, ಹೋಗಿ ಅಂಟುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಶೆಕ್ಟ್‌ಮನ್ ತಂಡ ಬೆಳೆಸಿದ ವಿಧಾನ ಆಗಲೇ ಇತ್ತು: ಕೆಜಿಗೆ 0.5 ಮಿಗ್ರಾಂ, ವಾರಕ್ಕೆ ಎರಡು ಸಲ, ಸುಮಾರು 5 ವಾರ. ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟ ಮೇಲೆ ಅದನ್ನೇ ಹಿಡಿದೆ.

ಮೊದಲ ಕೆಲವು ದಿನ ಔಷಧಿಯೇ ಇಲ್ಲ. ಸುಮ್ನೆ ಇಲಿಗಳನ್ನು ಕೈಗೆತ್ತಿಕೊಳ್ಳೋದು, ತೂಕ ನೋಡೋದು, ವಾಪಸ್ ಬಿಡೋದು. ಇಲ್ಲದಿದ್ದರೆ ಹೆದರಿದ ಇಲಿಯ ಓಟ ಯಾವುದು, ಔಷಧಿಯ ಓಟ ಯಾವುದು ಅಂತ ಆಮೇಲೆ ಬೇರೆ ಮಾಡಲು ಆಗೋದಿಲ್ಲ. ಇಂಜೆಕ್ಷನ್ ದಿನ ಪ್ರತಿ ಇಲಿಯನ್ನೂ ಹೊಸದಾಗಿ ತೂಗುತ್ತಿದ್ದೆ, ಯಾಕೆಂದರೆ ಅವು ಬೆಳೆಯುತ್ತಲೇ ಇರುತ್ತವೆ. ಸಲೈನ್‌ನಲ್ಲಿ ಮಿಲಿಗೆ 0.5 ಮಿಗ್ರಾಂ ಕರಗಿಸಿಕೊಂಡರೆ ಲೆಕ್ಕ ಸುಲಭ: 300 ಗ್ರಾಂ ಇಲಿಗೆ 0.3 ಮಿಲಿ. ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ, ಅದರ ಕೆಳಗೆ.

ಮೊದಲ ಇಂಜೆಕ್ಷನ್ ನೋಡಿದವರಿಗೆ ಇದೇನು ನಿದ್ದೆ ಔಷಧಿಯಾ ಅನ್ನಿಸಬೇಕು. ಇಲಿ ಮೂಲೆ ಸೇರಿ ಹೊಟ್ಟೆ ನೆಲಕ್ಕೊತ್ತಿ ಕೂರುತ್ತದೆ, ಆಕಳಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ನಡೆಯಲು ಶುರು ಮಾಡುತ್ತದೆ. ವಾರಗಳು ಕಳೆದಂತೆ ಆ ಮಂಕು ಕಡಿಮೆಯಾಗಿ ಓಟ ಬೇಗ ಶುರುವಾಗುತ್ತದೆ, ಕೊನೆಕೊನೆಗೆ ಅದೇ ಇಲಿ ಒಂದೇ ದಾರಿ ಹಿಡಿದು ಹೋಗಿ, ಮೂಲೆಯಲ್ಲಿಟ್ಟ ಪುಟ್ಟ ಡಬ್ಬಿಯನ್ನು ಮೂಸಿ, ಅರ್ಧ ದೂರ ಹೋಗಿ, ಮತ್ತೆ ಅದೇ ಡಬ್ಬಿಗೆ ಬರುತ್ತದೆ. ಬೀಗ ಹಾಕಿದೆನೋ ಇಲ್ಲವೋ ಅಂತ ಗೇಟಿನಿಂದ ವಾಪಸ್ ಬರುವವರ ಹಾಗೆ. ಒಸಿಡಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ) ಅಧ್ಯಯನಕ್ಕೆ ಈ ಮಾದರಿ ಬಳಸೋದು ಇದಕ್ಕೇ.

ಹಾಗಾಗಿ ಒಟ್ಟು ದೂರ ಒಂದನ್ನೇ ಅಳೆದರೆ ಅರ್ಧ ಕಥೆ ಕೈತಪ್ಪುತ್ತದೆ. ನಾನು ವೀಡಿಯೊದಿಂದ ಓಡಿದ ಗೆರೆ ತೆಗೆದು, ಯಾವ ಜಾಗಕ್ಕೆ ಎಷ್ಟು ಸಲ ಬಂತು, ಬಿಟ್ಟು ಎಷ್ಟು ಬೇಗ ಮರಳಿತು ಅಂತ ಎಣಿಸಿದೆ. ಬಿಳಿ ಇಲಿಗೆ ಕಪ್ಪು ನೆಲ ಇರಲಿ, ಇಲ್ಲದಿದ್ದರೆ ಸಾಫ್ಟ್‌ವೇರ್ ಇಲಿಯನ್ನೇ ಕಳೆದುಕೊಳ್ಳುತ್ತದೆ. ಒಂದು ಇಲಿ ಆದ ಮೇಲೆ ನೆಲ ಒರೆಸಿ, ವಾಸನೆ ಆರಿದ ಮೇಲೆ ಇನ್ನೊಂದನ್ನು ಬಿಡಿ.

ಗುಂಪುಗಳ ವಿಷಯಕ್ಕೆ ಬಂದರೆ ನನ್ನದು ಸ್ವಲ್ಪ ಹಟ. ಔಷಧಿ ಗುಂಪು, ಸಲೈನ್ ಗುಂಪು ಎರಡೇ ಸಾಕು ಅಂತ ಹಲವರು ಹೇಳಿದರು. ನಾನು ಮೂರನೆಯದನ್ನೂ ಇಟ್ಟೆ: ಇವಕ್ಕೆ ಅಂಕಣದಲ್ಲಿ, ಅಂದರೆ ಓಟ ಅಳೆಯುವ ಜಾಗದಲ್ಲಿ, ಸಲೈನ್, ಔಷಧಿ ಆಮೇಲೆ ತಮ್ಮ ಗೂಡಿನಲ್ಲಿ. ಒಟ್ಟು ಔಷಧಿ ಅಷ್ಟೇ, ಜಾಗ ಮಾತ್ರ ಬೇರೆ. ಕೊನೆಗೆ ಎಲ್ಲಕ್ಕೂ ಅಂಕಣದಲ್ಲೇ ಕ್ವಿನ್‌ಪಿರೋಲ್ ಕೊಟ್ಟಾಗ ಗೂಡಿನ ಗುಂಪು ಸಲೈನ್ ಗುಂಪಿಗಿಂತ ಜಾಸ್ತಿ ಓಡಿತು, ಆದರೆ ಅಂಕಣದಲ್ಲೇ ಔಷಧಿ ಪಡೆದವುಗಳ ಮಟ್ಟ ಮುಟ್ಟಲಿಲ್ಲ. ಅಂದರೆ ಬದಲಾವಣೆಯ ಒಂದು ಪಾಲು ಔಷಧಿಯದ್ದು, ಒಂದು ಪಾಲು ಆ ಜಾಗದಲ್ಲಿ ಕಲಿತದ್ದು. ಎರಡೇ ಗುಂಪಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಅಲ್ವಾ?

ಇನ್ನೊಂದು. ಮನೋವಿಜ್ಞಾನಿಗಳಾದ ರಾಬಿನ್‌ಸನ್ ಮತ್ತು ಬೆರಿಜ್ 1993ರಲ್ಲಿ ಈ ಸೆನ್ಸಿಟೈಸೇಶನ್ನನ್ನು ಚಟಕ್ಕೆ ಜೋಡಿಸಿದಾಗ ಅವರು ಹೇಳಿದ್ದು, ಔಷಧಿ ಬೇಕೆನ್ನುವ ಸೆಳೆತ ಬೆಳೆಯುತ್ತದೆ, ಸುಖ ಅಲ್ಲ ಅಂತ. ಇಲಿ ಜಾಸ್ತಿ ಓಡಿತು, ಆದ್ದರಿಂದ ಅದಕ್ಕೆ ಚಟ ಹತ್ತಿತು ಅಂತ ಪೋಸ್ಟರ್‌ಗಳಲ್ಲಿ ಬರೆಯುವವರಿದ್ದಾರೆ. ಓಟದಿಂದ ಅಷ್ಟು ದೂರ ಹೋಗಬಾರದು. ಸೆಳೆತ ನೋಡಬೇಕಿದ್ದರೆ ಇಲಿಯೇ ಲಿವರ್ ಒತ್ತಿ ಔಷಧಿ ತೆಗೆದುಕೊಳ್ಳುವ ಪ್ರಯೋಗ ಬೇರೆಯೇ ಇದೆ, ಅದನ್ನು ಮಾಡಿ.