ಕ್ಯಾಮೆರಾದ ಹಿಂದೆ ನಿಂತ ವರ್ಷಗಳು

ಅಪ್ಪ ತೀರಿಕೊಂಡ ಹದಿನೈದು ದಿನಕ್ಕೆ, ಅವರ ಜೊತೆ ನಾನಿರುವ ಫೋಟೋ ಹುಡುಕಲು ಫೋನ್ ಹಿಡಿದು ಕೂತೆ. ಅಪ್ಪನ ಫೋಟೋಗಳು ನೂರಾರು ಇದ್ದವು. ಪತ್ರಿಕೆ ಓದುತ್ತಿರುವುದು, ಗಿಡಕ್ಕೆ ನೀರು ಹಾಕುತ್ತಿರುವುದು, ತಮ್ಮನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿರುವುದು. ಎಲ್ಲವೂ ನಾನೇ ತೆಗೆದವು. ನಾವಿಬ್ಬರೂ ಒಟ್ಟಿಗಿರುವುದು ಒಂದೇ ಒಂದು ಸಿಕ್ಕಿತು. ಅದರಲ್ಲೂ ನಾನು ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದು, ಅಪ್ಪನ ಭುಜದ ಹಿಂದೆ ಅರ್ಧ ಮರೆಯಾಗಿ ನಿಂತಿದ್ದೇನೆ.

"ಬಾರೇ, ನೀನೂ ನಿಂತ್ಕೋ" ಎಂದು ಅಪ್ಪ ಎಷ್ಟು ಸಲ ಕರೆದಿದ್ದರೋ. ಪ್ರತಿ ಸಲವೂ "ನಾನು ತೆಗೀತೀನಿ, ನೀವು ನಿಂತ್ಕೊಳ್ಳಿ" ಎಂದಿದ್ದೆ. ಆ ಉತ್ತರದ ಹಿಂದೆ ಏನಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ವರ್ಷಗಳಿಂದ ನಾನು ಆಪ್ತಸಮಾಲೋಚಕಿ. ತಮ್ಮ ದೇಹವನ್ನು ಕಂಡರೆ ತಮಗೇ ಆಗದ ಹೆಣ್ಣುಮಕ್ಕಳು ನನ್ನೆದುರು ಕೂತು ಅತ್ತಿದ್ದಾರೆ. ಅವರಿಗೆ ಅಭ್ಯಾಸಗಳನ್ನು ಹೇಳಿಕೊಟ್ಟಿದ್ದೇನೆ. ಅವುಗಳಲ್ಲಿ ಒಂದನ್ನೂ ನನ್ನ ಮೇಲೆ ಮಾಡಿಕೊಂಡಿರಲಿಲ್ಲ. ಮಾಡಿಕೊಂಡದ್ದು ಅಪ್ಪ ಹೋದ ಮೇಲೆ. ಆ ಒಂಬತ್ತು ತಿಂಗಳ ಕತೆ ಇದು.

ಮೊದಲು ಮಾಡಿದ್ದು ಅಳತೆ. ಸಮಾಜಶಾಸ್ತ್ರಜ್ಞ ಮೋರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವದ ಮಾಪಕ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಅದರಲ್ಲಿರುವುದು 10 ಹೇಳಿಕೆಗಳು. ಒಂದೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿಂದ 'ಖಂಡಿತ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ ಗುರುತು ಹಾಕಬೇಕು. ಒಟ್ಟು ಅಂಕ 0ಯಿಂದ 30. ನನಗೆ ಬಂದದ್ದು 13. ಬೇರೆ ಯಾರಿಗಾದರೂ ಈ ಅಂಕ ಬಂದಿದ್ದರೆ ಅವರನ್ನು ವಾರಕ್ಕೊಮ್ಮೆ ಬರಲು ಹೇಳುತ್ತಿದ್ದೆ.

ಅಂಕಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಆ ಹತ್ತು ಹೇಳಿಕೆಗಳಲ್ಲಿ ದೇಹದ ಮಾತೇ ಇಲ್ಲ. ತೂಕವಿಲ್ಲ, ಮುಖವಿಲ್ಲ, ಬಣ್ಣವಿಲ್ಲ. ನನ್ನಲ್ಲಿ ಒಳ್ಳೆಯ ಗುಣಗಳಿವೆಯೇ, ಬೇರೆಯವರಷ್ಟೇ ಚೆನ್ನಾಗಿ ಕೆಲಸ ಮಾಡಬಲ್ಲೆನೇ, ನಾನು ಸೋತವಳು ಅನ್ನಿಸುತ್ತದೆಯೇ, ಇಂಥವೇ. ಆದರೆ ಒಂದೊಂದು ಗುರುತು ಹಾಕುವಾಗಲೂ ನನ್ನ ಕಣ್ಣ ಮುಂದೆ ಬಂದದ್ದು ನನ್ನ ತೋಳು, ನನ್ನ ಹೊಟ್ಟೆ, ಗಲ್ಲದ ಕೆಳಗಿನ ಮಡಿಕೆ. 'ನಾನು ಬೆಲೆಯುಳ್ಳವಳು' ಎಂಬ ಸಾಲು ಓದಿ, ಎಡಗೈಯಿಂದ ಅಂಗಿಯನ್ನು ಹೊಟ್ಟೆಯಿಂದ ಮುಂದಕ್ಕೆ ಎಳೆದುಕೊಂಡೆ. ದೇಹದ ಬಗೆಗಿನ ಅಸಮಾಧಾನ ಆತ್ಮಗೌರವವನ್ನು ಹೇಗೆ ತಿನ್ನುತ್ತದೆ ಎಂದು ನಾನು ತರಬೇತಿಗಳಲ್ಲಿ ಗಂಟೆಗಟ್ಟಲೆ ಹೇಳಿದ್ದೇನೆ. ಅದು ನನಗೆ ಅರ್ಥವಾದದ್ದು ಆ ಕೈಯ ಚಲನೆ ನೋಡಿದಾಗ.

ಮೊದಲ ಹದಿನೈದು ದಿನ ದಾರಿ ತಪ್ಪಿದೆ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು 'ನಾನು ಸುಂದರವಾಗಿದ್ದೇನೆ, ನನ್ನ ದೇಹವನ್ನು ಪ್ರೀತಿಸುತ್ತೇನೆ' ಎಂದು ಹೇಳಿಕೊಂಡೆ. ಬಾಯಿ ಹೇಳುತ್ತಿದ್ದಂತೆ ಒಳಗಿನಿಂದ 'ಸುಳ್ಳು' ಎಂಬ ಉತ್ತರ ಬರುತ್ತಿತ್ತು. ದಿನ ಕಳೆದಂತೆ ಆ ಉತ್ತರದ ದನಿ ಜೋರಾಯಿತು. ಕೆನಡಾದ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಆಗ ನೆನಪಾಯಿತು. 'ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ' ಎಂಬ ವಾಕ್ಯವನ್ನು ಪದೇ ಪದೇ ಹೇಳಿಕೊಂಡಾಗ, ಆತ್ಮಗೌರವ ಕಡಿಮೆ ಇದ್ದವರಿಗೆ ಸಮಾಧಾನ ಸಿಗುವುದಿರಲಿ, ಮನಸ್ಸು ಇನ್ನಷ್ಟು ಕುಗ್ಗಿತ್ತು. ನಂಬಲಾಗದ ಮಾತನ್ನು ಬಲವಂತವಾಗಿ ಹೇಳಿಸಿದರೆ ಮನಸ್ಸು ಅದಕ್ಕೆ ವಿರುದ್ಧ ಸಾಕ್ಷಿಗಳನ್ನೇ ಹುಡುಕಿ ತರುತ್ತದೆ. ಕನ್ನಡಿಗೆ ಹೊಗಳಿಕೆಯ ಚೀಟಿ ಅಂಟಿಸಿಕೊಳ್ಳಿ ಎಂದು ಹಿಂದೆ ಕೆಲವರಿಗೆ ನಾನೇ ಹೇಳಿದ್ದೆ. ಅದಕ್ಕಾಗಿ ಈಗಲೂ ನೋವಿದೆ.

ಅದನ್ನು ಬಿಟ್ಟು ಎಣಿಸಲು ಶುರುಮಾಡಿದೆ. ಒಂದು ಪುಟ್ಟ ಪುಸ್ತಕ, ಒಂದು ಪೆನ್ಸಿಲ್. ದೇಹವನ್ನು ಪರೀಕ್ಷಿಸಿಕೊಂಡಾಗಲೆಲ್ಲ ಒಂದು ಗೀಟು. ಅಂಗಡಿಯ ಗಾಜಿನಲ್ಲಿ ನನ್ನ ಪಕ್ಕನೋಟ ನೋಡಿಕೊಳ್ಳುವುದು, ಮಣಿಕಟ್ಟನ್ನು ಹೆಬ್ಬೆರಳು ತೋರುಬೆರಳಿನಿಂದ ಸುತ್ತಿ ಅಳೆಯುವುದು, ಕೂತಾಗ ಹೊಟ್ಟೆ ಹಿಂಡಿ ನೋಡುವುದು, ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿರುವ ಹೆಂಗಸರಲ್ಲಿ ನನಗಿಂತ ದಪ್ಪ ಯಾರು, ತೆಳ್ಳಗೆ ಯಾರು ಎಂದು ಲೆಕ್ಕ ಹಾಕುವುದು. ಎಲ್ಲಕ್ಕೂ ಗೀಟು. ಮೊದಲ ದಿನ ರಾತ್ರಿ ಎಣಿಸಿದರೆ 47. ನಾನು ಹತ್ತೋ ಹದಿನೈದೋ ಇರಬಹುದು ಅಂದುಕೊಂಡಿದ್ದೆ.

47 ಸಲ ಮನಸ್ಸು ಕೆಲಸ ಬಿಟ್ಟು ಹೋಗಿ ಬಂದಿತ್ತು. ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸುತ್ತದೆ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ, ದೊಡ್ಡ ಕನ್ನಡಿಯಿದ್ದ ಕೋಣೆಗೆ ಕಳಿಸಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ತೊಡಲು ಹೇಳಿದರು. ಅದೇ ಉಡುಪಿನಲ್ಲಿ ಗಣಿತದ ಪರೀಕ್ಷೆ ಕೊಟ್ಟರು. ಈಜುಡುಗೆ ತೊಟ್ಟ ಹೆಣ್ಣುಮಕ್ಕಳ ಅಂಕ ಕಡಿಮೆಯಾಯಿತು, ಗಂಡುಮಕ್ಕಳಲ್ಲಿ ಹಾಗಾಗಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ. ನೋಡುವ ಕಣ್ಣು ಆಗಲೇ ತಲೆಯೊಳಗೆ ಕೂತಿತ್ತು. ನಮ್ಮ ಬುದ್ಧಿಯ ಒಂದು ಪಾಲು ಸದಾ ಈ ಕಾವಲಿಗೇ ಖರ್ಚಾಗುತ್ತಿದ್ದರೆ, ಕೊನೆಗೆ 'ನನಗೆ ಕೈಲಾಗುವುದಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತೇವೆ. ಆ ತೀರ್ಮಾನದ ಮೂಲ ಎಲ್ಲಿದೆ ಎಂದು ಕೇಳಿಕೊಳ್ಳುವುದೇ ಇಲ್ಲ.

ಪರೀಕ್ಷೆಗಳನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ವಾರಕ್ಕೊಂದನ್ನು ಹಿಡಿದೆ. ಮೊದಲು ಮಣಿಕಟ್ಟು, ಯಾಕೆಂದರೆ ಅದು ಸುಲಭ. ಕೈ ಹೋದರೆ ಗೀಟು ಹಾಕುವುದು, ಪೆನ್ಸಿಲ್ ಹಿಡಿದ ಕೈ ಬೇರೇನನ್ನೂ ಹಿಡಿಯಲಾರದು. ತೂಕದ ಯಂತ್ರ ಹೆಚ್ಚು ಕಷ್ಟವಾಯಿತು. ದಿನಕ್ಕೆ ಎರಡು ಸಲ ಹತ್ತುತ್ತಿದ್ದೆ. ಉಪ್ಪು, ನೀರು, ಮುಟ್ಟಿನ ದಿನಗಳು, ಇವಿಷ್ಟರಿಂದಲೇ ತೂಕ ಒಂದೆರಡು ಕಿಲೋ ಅತ್ತಿತ್ತ ಆಗುತ್ತದೆ. ಅದು ಕೊಬ್ಬಲ್ಲ. ಇದು ತಿಳಿದಿದ್ದೂ, ಮುಳ್ಳು ಮುಕ್ಕಾಲು ಕಿಲೋ ಮೇಲೆ ತೋರಿಸಿದ ದಿನ ನಾನು ಫೋನ್ ಕರೆಗಳನ್ನು ಎತ್ತುತ್ತಿರಲಿಲ್ಲ. ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ವಾರಕ್ಕೊಮ್ಮೆ, ಅದೂ ಏಣಿ ಹಾಕಿ ಇಳಿಸಿಕೊಳ್ಳಬೇಕು. ಎರಡನೇ ತಿಂಗಳಿಗೆ ಏಣಿ ಹಾಕುವುದು ಬೇಜಾರಾಯಿತು.

ಕನ್ನಡಿಯ ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಇಡೀ ದೇಹ ಕಾಣುವ ಕನ್ನಡಿ ಬೇಕು. ಎರಡು ಮಾರು ದೂರ ನಿಲ್ಲಬೇಕು; ಹತ್ತಿರ ನಿಂತರೆ ಕಣ್ಣು ಒಂದೇ ಜಾಗವನ್ನು ಕೆದಕುತ್ತದೆ. ತಲೆಯಿಂದ ಕಾಲಿನವರೆಗೆ ಒಂದೊಂದು ಭಾಗವನ್ನೂ, ಅದನ್ನು ಎಂದೂ ನೋಡಿರದ ಕುರುಡರಿಗೆ ವಿವರಿಸುವ ಹಾಗೆ, ಬಾಯಿ ಬಿಟ್ಟು ಹೇಳಬೇಕು. ಹೊಗಳುವಂತಿಲ್ಲ, ಹಳಿಯುವಂತಿಲ್ಲ. ಬಣ್ಣ, ಆಕಾರ, ಮೈಯ ನಯ, ಅಷ್ಟೇ. ಇಷ್ಟವಾಗದ ಭಾಗಕ್ಕೆ ಎಷ್ಟು ಹೊತ್ತೋ ಮೂಗಿಗೂ ಮೊಣಕಾಲಿಗೂ ಅಷ್ಟೇ ಹೊತ್ತು.

ಮೊದಲ ದಿನ ಕಣ್ಣು, ಹುಬ್ಬು, ಕತ್ತು ಎಲ್ಲ ಸರಾಗವಾಗಿ ಬಂತು. ಹೊಟ್ಟೆಗೆ ಬಂದಾಗ ಬಾಯಿಂದ ಹೊರಟದ್ದು "ಅಸಹ್ಯ". ತಡೆದೆ. ಮತ್ತೆ ನೋಡಿದೆ. "ಹೊಕ್ಕುಳಿನ ಕೆಳಗೆ ಚರ್ಮ ಸಡಿಲವಾಗಿದೆ. ಎರಡೂ ಪಕ್ಕ ಬೆಳ್ಳಿ ಬಣ್ಣದ ಸಣ್ಣ ಗೆರೆಗಳಿವೆ, ಬಲಕ್ಕೆ ಹೆಚ್ಚು. ಕೆಳಗೆ ಅಡ್ಡವಾಗಿ ಒಂದು ಹಳೆಯ ಹೊಲಿಗೆಯ ಗುರುತು, ಸುಮಾರು ಒಂದು ಗೇಣು, ಸುತ್ತಲಿನ ಚರ್ಮಕ್ಕಿಂತ ತುಸು ಗಾಢ." ಇಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು. ಬಲಕ್ಕೆ ಗೆರೆಗಳು ಹೆಚ್ಚು ಎಂಬುದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷ ದಿನವೂ ಬೈದುಕೊಂಡ ಹೊಟ್ಟೆಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ವಾರಕ್ಕೆ ಮೂರು ಸಲ, ಹತ್ತು ನಿಮಿಷದಂತೆ ಮಾಡಿದೆ. ಮೂರನೇ ವಾರ ಬೇಸರ ಬಂತು. ಆ ಬೇಸರವೇ ನನಗೆ ಬೇಕಾಗಿತ್ತು. ಹೊಟ್ಟೆ ಎಂಬುದು ಮೊಣಕೈಯಷ್ಟೇ ಸಾಮಾನ್ಯ ಸಂಗತಿಯಾಯಿತು. ಒಂದು ಎಚ್ಚರಿಕೆ: ಊಟ ಬಿಡುವ, ತಿಂದದ್ದನ್ನು ಹೊರಹಾಕುವ ಅಭ್ಯಾಸವಿರುವವರು, ಬೇರೆಯವರಿಗೆ ಕಾಣದ ಕುಂದೊಂದರ ಯೋಚನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಕಳೆಯುವವರು ಇದನ್ನು ಒಬ್ಬರೇ ಮಾಡಬಾರದು. ಅವು ಚಿಕಿತ್ಸೆ ಇರುವ ಕಾಯಿಲೆಗಳು. ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಜೊತೆ ಕೂತೇ ಮಾಡಬೇಕು.

ಫೋನಿನ ವಿಷಯ ಬೇಗ ಮುಗಿಯಿತು. ಮುಂದಿನ ಕ್ಯಾಮೆರಾದಲ್ಲಿ ಮೂಗು ದಪ್ಪ ಕಾಣುತ್ತದೆಂದು ಕೊರಗುವವರು ನನ್ನ ಬಳಿ ಬಹಳ ಬರುತ್ತಾರೆ. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು 30 ಶೇಕಡಾ ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ವೈದ್ಯಕೀಯ ಲೆಕ್ಕಾಚಾರ ತೋರಿಸಿದೆ. ಅದು ಹತ್ತಿರದ ದೂರದ ರೇಖಾಗಣಿತ, ಮೂಗಿನ ತಪ್ಪಲ್ಲ. ಇನ್ನು, ನೋಡಿ ಮುಗಿಸಿದ ಮೇಲೆ ನನ್ನ ಬಗ್ಗೆ ನನಗೇ ಕೀಳೆನಿಸುವಂತೆ ಮಾಡುತ್ತಿದ್ದ ಖಾತೆಗಳನ್ನೆಲ್ಲ ಒಂದು ಸಂಜೆ ಕೂತು ತೆಗೆದುಹಾಕಿದೆ. ಚಿತ್ರಗಳಿಗೆ ಅಷ್ಟು ಶಕ್ತಿಯಿದೆಯೇ ಎನ್ನುವವರಿಗೆ ಫಿಜಿ ದ್ವೀಪದ ವಿಷಯ ಹೇಳುತ್ತೇನೆ. ಅಲ್ಲಿಯ ನಾಡ್ರೊಗಾ ಪ್ರದೇಶಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಆ್ಯನ್ ಬೆಕರ್ ಎಂಬ ವಿಜ್ಞಾನಿ ಆಗಲೊಮ್ಮೆ, 1998ರಲ್ಲಿ ಇನ್ನೊಮ್ಮೆ ಅಲ್ಲಿಯ ಶಾಲೆಯ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ಬಳಿಕ 11.3 ಶೇಕಡಾ. ಮೈತುಂಬಿಕೊಂಡ ದೇಹವನ್ನು ಮೆಚ್ಚುತ್ತಿದ್ದ ಸಮಾಜ ಅದು.

ಜನರ ಬಾಯಿ ಮಾತ್ರ ನನ್ನ ಕೈಯಲ್ಲಿರಲಿಲ್ಲ. ನನ್ನ ಚಿಕ್ಕಮ್ಮ ಬಾಗಿಲಲ್ಲೇ "ಏನೇ, ಇಷ್ಟು ದಪ್ಪ ಆಗ್ಬಿಟ್ಟಿದ್ದೀಯ!" ಎನ್ನುತ್ತಾರೆ. ಅವರಲ್ಲಿ ಕೆಡುಕಿಲ್ಲ, ಅವರ ಮಟ್ಟಿಗೆ ಅದು ಯೋಗಕ್ಷೇಮದ ಮಾತು. ಮೊದಲೆಲ್ಲ ನಕ್ಕು, "ಹೌದು ಚಿಕ್ಕಮ್ಮ, ಇಳಿಸ್ಬೇಕು" ಎಂದು ನನ್ನನ್ನೇ ನಾನು ಬಿಟ್ಟುಕೊಡುತ್ತಿದ್ದೆ. ಈ ಸಲ ಅವರ ಕೈ ಹಿಡಿದುಕೊಂಡು ಹೇಳಿದೆ: "ಚಿಕ್ಕಮ್ಮ, ಆ ಮಾತು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲ್ಲ. ಬೇರೆ ಏನಾದ್ರೂ ಕೇಳಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹದಿನೆಂಟರಲ್ಲಿ ತಮಗೆ "ಕಡ್ಡಿ" ಎಂದು ಹೆಸರಿಟ್ಟಿದ್ದರೆಂದೂ, ಒಳಗೆ ಎರಡು ಅಂಗಿ ತೊಟ್ಟು ಕಾಲೇಜಿಗೆ ಹೋಗುತ್ತಿದ್ದೆನೆಂದೂ ಹೇಳಿದರು. ಅವರ ವಯಸ್ಸು ಎಪ್ಪತ್ತೊಂದು. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ಅದೇ ಸಮಯಕ್ಕೆ ಇನ್ನೊಂದು ಪಟ್ಟಿ ಮಾಡಿದೆ: ಈ ದೇಹದ ನೆಪದಲ್ಲಿ ಬಿಟ್ಟ ಕೆಲಸಗಳು. ಈಜು, ಹನ್ನೊಂದು ವರ್ಷದಿಂದ. ತೋಳಿಲ್ಲದ ಬಟ್ಟೆ. ವೇದಿಕೆ ಹತ್ತಿ ಮಾತಾಡುವ ಮೂರು ಆಹ್ವಾನಗಳು. ಗೆಳತಿಯ ಮಗಳ ಮದುವೆ. ಫೋಟೋಗಳು. 'ಸಣ್ಣಗಾದ ಮೇಲೆ ಮಾಡೋಣ' ಎಂದು ಎಲ್ಲವನ್ನೂ ಮುಂದಕ್ಕೆ ಹಾಕಿದ್ದೆ. ಕಡಿಮೆ ಹೆದರಿಕೆಯದರಿಂದ ಹೆಚ್ಚು ಹೆದರಿಕೆಯದಕ್ಕೆ ಅವನ್ನು ಸಾಲಾಗಿ ಬರೆದು, ಒಂದೊಂದನ್ನೇ ಮಾಡಿದೆ, ತೂಕ ಇಳಿಯುವುದಕ್ಕೆ ಕಾಯದೆ.

ಈಜುಕೊಳಕ್ಕೆ ಹೋದ ದಿನ ಟವೆಲ್ ಸುತ್ತಿಕೊಂಡು ಅಂಚಿನಲ್ಲಿ ಹತ್ತು ನಿಮಿಷ ನಿಂತಿದ್ದೆ. ಟವೆಲ್ ತೆಗೆದು ನೀರಿಗಿಳಿಯಲು ಮೂರು ಹೆಜ್ಜೆ. ಆ ಮೂರು ಹೆಜ್ಜೆಯಲ್ಲಿ ಎಲ್ಲರೂ ನನ್ನ ತೊಡೆ ನೋಡುತ್ತಿದ್ದಾರೆಂದು ಮೈ ಬಿಸಿಯಾಯಿತು. ಇಳಿದು ತಿರುಗಿದರೆ, ಒಬ್ಬಾಕೆ ಮಗುವಿನ ಕನ್ನಡಕ ಸರಿಮಾಡುತ್ತಿದ್ದಳು, ಒಬ್ಬರು ಕಿವಿಯೊಳಗಿನ ನೀರು ಕೊಡವುತ್ತಿದ್ದರು. ಮೊದಲ ಸುತ್ತು ಮುಗಿಸುವಾಗ ಏದುಸಿರು. ನಾಲ್ಕನೇ ಸುತ್ತಿಗೆ ಕೈಕಾಲು ಹಳೆಯ ಲಯ ಹಿಡಿದವು. ಆ ಇಪ್ಪತ್ತು ನಿಮಿಷ ನನ್ನ ಹೊಟ್ಟೆ ಹೇಗೆ ಕಾಣುತ್ತದೆ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ, ಉಸಿರಿನ ಲೆಕ್ಕವೇ ಸಾಕಾಗಿತ್ತು. ಪುಸ್ತಕದಲ್ಲಿ ಆ ದಿನದ ಗೀಟುಗಳು 19.

ಒಂಬತ್ತನೇ ತಿಂಗಳು ರೋಸೆನ್‌ಬರ್ಗ್ ಮಾಪಕವನ್ನು ಮತ್ತೆ ತುಂಬಿದೆ. 21 ಬಂತು. ತೂಕ ಮೊದಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ನನ್ನ ಹೊಟ್ಟೆ ನನಗೆ ಸುಂದರವಾಗಿ ಕಾಣುತ್ತದೆ ಎಂದು ಈಗಲೂ ಹೇಳಲಾರೆ. ಅದು ಸುಂದರವಾಗಿ ಕಾಣಲೇಬೇಕು ಎಂಬ ಹಟ ಹೋಗಿದೆ. ಕೆಟ್ಟ ದಿನಗಳು ಇವೆ. ಮುಟ್ಟಿಗೆ ಮುಂಚಿನ ವಾರ ಗೀಟುಗಳು ಮೂವತ್ತು ದಾಟುತ್ತವೆ, ಆಗ ಪುಸ್ತಕ ತೆಗೆದು ಮಣಿಕಟ್ಟಿನಿಂದ ಮತ್ತೆ ಶುರುಮಾಡುತ್ತೇನೆ. ನನ್ನ ಬಳಿ ಬರುವವರಿಗೆ ಈಗ ಮೊದಲು ಕೇಳುವ ಪ್ರಶ್ನೆಯೂ ಬದಲಾಗಿದೆ. 'ನಿಮ್ಮ ದೇಹದಲ್ಲಿ ಏನು ಇಷ್ಟವಿಲ್ಲ' ಎನ್ನುವ ಬದಲು, 'ಅದರಿಂದಾಗಿ ಏನೇನು ಬಿಟ್ಟಿದ್ದೀರಿ' ಎಂದು ಕೇಳುತ್ತೇನೆ. ಆ ಪಟ್ಟಿ ಬರೆಯಲು ಒಂದು ಹಾಳೆ ಸಾಲುವುದಿಲ್ಲ.

ಹೋದ ತಿಂಗಳು ಅಮ್ಮನ ಹುಟ್ಟುಹಬ್ಬ. ಫೋನನ್ನು ತಮ್ಮನ ಕೈಗೆ ಕೊಟ್ಟು, ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಅಮ್ಮನ ಪಕ್ಕದಲ್ಲಿ ಹೋಗಿ ನಿಂತೆ. ಫೋಟೋದಲ್ಲಿ ಅಮ್ಮ ಕಣ್ಣು ಮುಚ್ಚಿದ್ದಾರೆ, ನಾನು ಬಾಯಿ ತೆರೆದು ಏನೋ ಹೇಳುತ್ತಿದ್ದೇನೆ, ಗಲ್ಲದ ಕೆಳಗಿನ ಮಡಿಕೆ ಸ್ಪಷ್ಟವಾಗಿ ಕಾಣುತ್ತಿದೆ. "ಇನ್ನೊಂದು ತೆಗೀಲಾ ಅಕ್ಕ?" ಎಂದ ತಮ್ಮ. ತೆಗಿ ಎಂದೆ. ಮೊದಲಿನದನ್ನೂ ಅಳಿಸಿಲ್ಲ.