ಮಲೆನಾಡಿನ ಮಳೆಗೆ ಹೆಲ್ಮೆಟ್ ಆರಿಸಿದ ಬಗೆ

ಹೆಲ್ಮೆಟ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಎರಡು ಸಾಮಾನು ಇಟ್ಟುಕೊಂಡಿದ್ದೆ: ಒಂದು ಟೈಲರ್ ಟೇಪು, ಒಂದು ಹಳೆ ಬಸ್ ಟಿಕೆಟ್. ಟೇಪು ತಲೆಗೆ, ಟಿಕೆಟ್ ಗ್ಲಾಸಿಗೆ. ಟಿಕೆಟ್ಟಿನ ಕೆಲಸ ಮುಂದೆ ಹೇಳುತ್ತೇನೆ.

ಟೇಪನ್ನು ಹುಬ್ಬಿನಿಂದ ಒಂದು ಇಂಚು ಮೇಲೆ ಹಿಡಿದು, ಕಿವಿಗಳ ಮೇಲಿಂದ ಹಾಯಿಸಿ, ಹಿಂದಲೆಯ ಉಬ್ಬು ಸುತ್ತಿ ತಂದು ಮೂರು ಸಲ ಅಳೆದೆ. 58, 58.5, 58.5 ಸೆಂಟಿಮೀಟರ್. ದೊಡ್ಡ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಎಂ, ಎಲ್ ಎನ್ನುವ ಅಕ್ಷರ ನಂಬಿದರೆ ಕೆಟ್ಟಿರಿ. ಒಂದು ಕಂಪನಿಯ ಎಲ್ ಅಂದರೆ 58, ಇನ್ನೊಂದರದು 60. ಡಬ್ಬದ ಮೇಲೋ ಒಳಗಿನ ಚೀಟಿಯಲ್ಲೋ ಅಳತೆ ಅಂಕಿಯಲ್ಲೇ ಬರೆದಿರುತ್ತದೆ, ಅದನ್ನು ಓದಿ. ಎರಡು ಸೈಜಿನ ನಡುವೆ ಬಂದರೆ ಚಿಕ್ಕದನ್ನು ಮೊದಲು ಹಾಕಿ ನೋಡಿ. ಕೆನ್ನೆಯ ಸ್ಪಂಜು ಒಂದೆರಡು ತಿಂಗಳಲ್ಲಿ ಕೂತು ಸಡಿಲವಾಗುತ್ತದೆ. ಹಣೆಯ ಬಟ್ಟೆಯ ಹಿಂದಿರುವ ಥರ್ಮಾಕೋಲ್ ಹಾಗಲ್ಲ, ಅದು ಎಷ್ಟು ದಿನ ಹಾಕಿದರೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಕೆನ್ನೆ ಬಿಗಿಯಾದರೆ ಪರವಾಗಿಲ್ಲ, ಹಣೆ ಬಿಗಿಯಾದರೆ ಬೇಡ. ಹೊಸದರಲ್ಲಿ ಎರಡೂ ದವಡೆಗೆ ಎಲೆಅಡಿಕೆ ತುಂಬಿಕೊಂಡವರ ಹಾಗೆ ಕಂಡರೆ ಸೈಜು ಸರಿ ಇದೆ ಎಂದೇ ತಿಳಿಯಿರಿ.

ಹಾಕಿ, ಪಟ್ಟಿ ಬಿಗಿದು, ಗದ್ದದ ಭಾಗ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದೆ. ಹಣೆಯ ಚರ್ಮವೂ ಜೊತೆಗೆ ಎಳೆದುಕೊಂಡು ಬರಬೇಕು. ಚರ್ಮ ಅಲ್ಲೇ ನಿಂತು ಹೆಲ್ಮೆಟ್ ಮಾತ್ರ ಜಾರಿದರೆ ಅದು ದೊಡ್ಡದು. ಆಮೇಲೆ ಹಿಂದಿನ ಅಂಚಿಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿ ನೋಡಬೇಕು. ಪಟ್ಟಿ ಹಾಕಿದ್ದರೂ ಕಳಚಿ ಬರುವಂತಿದ್ದರೆ ಬಿದ್ದ ದಿನ ಅದು ನಿಮಗಿಂತ ಮೊದಲು ಚರಂಡಿ ಸೇರುತ್ತದೆ. ಇಷ್ಟಾದ ಮೇಲೆ ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಹಾಕಿಕೊಂಡು ಕೂತೆ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ. ಬೆಳಗ್ಗೆ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ತೆಗೆದಾಗ ಹಣೆಯ ನಡುವೆ ಕೆಂಪು ಗುರುತು ಮೂಡಿದ್ದರೆ ನಿಮ್ಮ ತಲೆ ಹಿಂದೆಮುಂದೆ ಉದ್ದ, ಹೆಲ್ಮೆಟ್ಟಿನ ಒಳಗು ದುಂಡು. ಕಣತಲೆ ನೋಯುತ್ತಿದ್ದರೆ ಅದರ ಉಲ್ಟಾ. ಎರಡಕ್ಕೂ ದೊಡ್ಡ ಸೈಜು ಮದ್ದಲ್ಲ, ಬೇರೆ ಮಾಡೆಲ್ ನೋಡಬೇಕು. ನಾನು ನಾಲ್ಕು ಮಾಡೆಲ್ ಹಾಕಿ ಐದನೆಯದಕ್ಕೆ ನಿಂತೆ.

ಕನ್ನಡಕದವರು ಹೆಲ್ಮೆಟ್ ಹಾಕಿಕೊಂಡ ಮೇಲೆ ಕನ್ನಡಕ ತೂರಿಸಿ ನೋಡಿ. ಕಡ್ಡಿ ಸಲೀಸಾಗಿ ಕಿವಿಯ ಮೇಲೆ ಹೋಗಿ ಕೂರಬೇಕು. ನಮ್ಮ ಕಡೆಯ ಇನ್ನೊಂದು ಅಭ್ಯಾಸ, ಚಳಿಗಾಲದಲ್ಲಿ ಹೆಲ್ಮೆಟ್ ಒಳಗೆ ಮಂಕಿ ಟೋಪಿ, ಮಳೆಗಾಲದಲ್ಲಿ ರೇನ್‌ಕೋಟಿನ ಟೊಪ್ಪಿ. ಅದಕ್ಕೂ ಜಾಗ ಇರಲೆಂದು ಒಂದು ಸೈಜು ದೊಡ್ಡದು ತೆಗೆದುಕೊಳ್ಳುವವರಿದ್ದಾರೆ. ಉಣ್ಣೆ ಒತ್ತಿದಷ್ಟೂ ಕುಗ್ಗುತ್ತದೆ, ಪ್ಲಾಸ್ಟಿಕ್ ಟೊಪ್ಪಿ ಜಾರುತ್ತದೆ. ಎರಡರಲ್ಲೂ ಹೆಲ್ಮೆಟ್ ತಲೆಗೆ ಅಂಟಿ ನಿಲ್ಲುವುದಿಲ್ಲ. ತೆಳು ಬನಿಯನ್ ಬಟ್ಟೆಯ ಮುಖಗವಸು ಸಾಕು. ರೇನ್‌ಕೋಟಿನ ಟೊಪ್ಪಿಯನ್ನು ಕಾಲರಿನೊಳಗೆ ಮಡಚಿಡಿ.

ಗುರುತಿನ ವಿಷಯ. ಹಿಂಭಾಗದಲ್ಲಿ ಐಎಸ್‌ಐ ಮುದ್ರೆ, ಅದರ ಮೇಲೆ ಹೆಲ್ಮೆಟ್ಟಿನ ಮಾನದಂಡದ ಸಂಖ್ಯೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ. ಮೂರೂ ಇರಬೇಕು. ಬರೀ ಐಎಸ್‌ಐ ಎಂಬ ಅಕ್ಷರ ಯಾವ ಪ್ರಿಂಟಿಂಗ್ ಪ್ರೆಸ್ಸಿನಲ್ಲೂ ಹುಟ್ಟುತ್ತದೆ. ಆ ಲೈಸೆನ್ಸ್ ಸಂಖ್ಯೆಯನ್ನು, ಈ ಮುದ್ರೆ ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕಂಪನಿಯ ಹೆಸರು ಬರುತ್ತದೆ. ಹೆಲ್ಮೆಟ್ಟಿನ ಮೇಲಿನ ಹೆಸರಿಗೆ ಅದು ತಾಳೆಯಾಗಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತೆಯೇ ಇಲ್ಲ, ಆದರೂ ರಸ್ತೆಬದಿಯ ರಾಶಿಯಲ್ಲಿ ಸಿಗುತ್ತದೆ. ಅಲ್ಲಿ ಒಂದನ್ನೆತ್ತಿ ಒಳಗಿನ ಬಟ್ಟೆ ಸರಿಸಿ ನೋಡಿ: ಚಿಪ್ಪು, ಸ್ಪಂಜು, ಮುಗಿಯಿತು. ಪೆಟ್ಟನ್ನು ನುಂಗುವುದು ಚಿಪ್ಪಿನ ಒಳಗಿರುವ ದಪ್ಪ ಥರ್ಮಾಕೋಲ್. ಅದು ಕುಗ್ಗಿ ಪುಡಿಯಾಗುವಷ್ಟರಲ್ಲಿ ತಲೆ ನಿಲ್ಲುವ ಹೊತ್ತು ಒಂಚೂರು ಹಿಗ್ಗುತ್ತದೆ, ಮಿದುಳಿಗೆ ತಗಲುವ ಜೋರು ಇಳಿಯುತ್ತದೆ. ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬದು. ತಲೆಯ ಸಮೇತ ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಹೊಸದರಂತೆ ಹೊಳೆಯುತ್ತಿದ್ದರೂ ಅದರ ಆಯಸ್ಸು ಮುಗಿದಿರುತ್ತದೆ.

ಯುರೋಪಿನ ಇಸಿಇ ಗುರುತೂ ಇದ್ದರೆ ಒಳ್ಳೆಯದು. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಪರೀಕ್ಷೆ ಮಾನ್ಯ ಮಾಡಿದ ದೇಶದ ಅಂಕಿ, 06ರಿಂದ ಶುರುವಾಗುವ ಸಂಖ್ಯೆ ಇದ್ದರೆ ಹೊಸ 22.06 ನಿಯಮದ್ದು. ಅದರ ಮುಂದಿನ ಪಿ ಅಂದರೆ ಗದ್ದದ ಭಾಗವೂ ಪರೀಕ್ಷೆ ದಾಟಿದೆ, ಜೆ ಅಂದರೆ ತೆರೆದ ಮುಖದ್ದು. ಮುಖ ಎತ್ತುವ ಫ್ಲಿಪ್ ಹೆಲ್ಮೆಟ್ಟಿಗೆ ಪಿ/ಜೆ ಎರಡೂ ಇದ್ದರೆ ಮಾತ್ರ ಎತ್ತಿಕೊಂಡು ಓಡಿಸಬಹುದು. ಡಾಟ್ ಸ್ಟಿಕ್ಕರಿಗೆ ನಾನು ಬೆಲೆ ಕೊಡಲಿಲ್ಲ. ಅಮೆರಿಕದ ಆ ಪದ್ಧತಿಯಲ್ಲಿ ತಯಾರಕರು ತಾವೇ ಘೋಷಿಸಿಕೊಳ್ಳುತ್ತಾರೆ.

ಫುಲ್ ಫೇಸ್ ಬಿಟ್ಟು ಬೇರೆ ಯೋಚಿಸಲಿಲ್ಲ. ಘಾಟಿಯ ತಿರುವಿನಲ್ಲಿ ಪಾಚಿಯ ಮೇಲೆ ಜಾರಿದವನ ಗದ್ದವೂ ಡಾಂಬರಿಗೆ ತಾಗಬಹುದು, ಹಾಫ್ ಹೆಲ್ಮೆಟ್ಟಿಗೆ ಗದ್ದವೇ ಇಲ್ಲ. ತೂಕ 1.4 ಕಿಲೋ ಆಸುಪಾಸು ಇದ್ದರೆ ಶಿವಮೊಗ್ಗದಿಂದ ಆಗುಂಬೆಗೆ ಹೋಗಿಬಂದರೂ ಕತ್ತು ಹಿಡಿಯುವುದಿಲ್ಲ.

ಇನ್ನು ಗ್ಲಾಸು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ, ಅದಾದ ಮೇಲೆ ಹದಿನಾಲ್ಕು ಕಡಿದಾದ ತಿರುವು. ಇಲ್ಲಿ ಹೆಲ್ಮೆಟ್ ಆರಿಸುವುದೆಂದರೆ ಅರ್ಧ ಕೆಲಸ ಗ್ಲಾಸನ್ನು ಆರಿಸುವುದು. ಬಸ್ ಟಿಕೆಟ್ ಬಂದಿದ್ದು ಇಲ್ಲಿಗೆ. ಗ್ಲಾಸು ಎತ್ತಿ, ಟಿಕೆಟ್ಟನ್ನು ಹಣೆಯ ಮೇಲಿನ ರಬ್ಬರ್ ಬೀಡಿಂಗಿಗೆ ಅಡ್ಡ ಇಟ್ಟು, ಗ್ಲಾಸು ಮುಚ್ಚಿ, ಮೆಲ್ಲಗೆ ಎಳೆಯಬೇಕು. ಹಿಡಿದುಕೊಂಡು ಬಿಗಿಯಾಗಿ ಬಂದರೆ ಸರಿ. ಸರ್ರನೆ ಬಂದರೆ ಅಲ್ಲಿ ಸಂದಿಯಿದೆ. ನಡುವೆ ಒಂದು ಕಡೆ, ಎಡಬಲ ಮೂಲೆಗೆ ಒಂದೊಂದು ಕಡೆ. ಸಾಮಾನ್ಯವಾಗಿ ಸೋಲುವುದು ಮೂಲೆಗಳು. ಅಲ್ಲಿ ಒಳಬಂದ ನೀರು ಗ್ಲಾಸಿನ ಒಳಮೈಯಲ್ಲಿ ನೇರ ಕಣ್ಣಿನ ಮುಂದೆ ಇಳಿಯುತ್ತದೆ, ಅದನ್ನು ಒರೆಸಲು ಬೈಕ್ ನಿಲ್ಲಿಸಲೇಬೇಕು. ಎರಡನೆಯದು, ಗ್ಲಾಸು ಮೊದಲ ಹಲ್ಲಿನಲ್ಲಿ ನಿಲ್ಲಬೇಕು. ಬೆರಳಗಲ ತೆರೆದಿಟ್ಟರೆ ಉಸಿರಿನ ಹಬೆ ಹೊರಟುಹೋಗುತ್ತದೆ. ಹತ್ತು ಸಲ ತೆರೆದು ಮುಚ್ಚಿ, ತಲೆ ಜೋರಾಗಿ ಕೊಡವಿ ನೋಡಿದೆ; ತಾನಾಗಿ ಬಿದ್ದರೆ ಐವತ್ತರ ವೇಗದ ಗಾಳಿಗೂ ಬೀಳುತ್ತದೆ.

ಮಬ್ಬು ಎರಡು ಬಗೆ, ಇದನ್ನು ಬೇರೆ ಮಾಡದೆ ದುಡ್ಡು ಸುರಿಯಬೇಡಿ. ಒಳಗಿನ ಮಬ್ಬು ನಮ್ಮ ಉಸಿರಿನದು, ಬೆಚ್ಚಗಿನ ಹಬೆ ತಣ್ಣನೆ ಗ್ಲಾಸಿಗೆ ಕೂರುತ್ತದೆ. ಇದಕ್ಕೆ ಪಿನ್‌ಲಾಕ್ ಒಳ್ಳೆಯ ಮದ್ದು. ಗ್ಲಾಸಿನ ಒಳಗೆ ಎರಡು ಪಿನ್ನುಗಳ ನಡುವೆ ಇನ್ನೊಂದು ತೆಳು ಹಾಳೆ, ಅದರ ಅಂಚಿನ ಸಿಲಿಕೋನ್ ಗೆರೆ ನಡುವೆ ಗಾಳಿ ಹಿಡಿದಿಡುತ್ತದೆ, ಒಳಹಾಳೆ ತಣ್ಣಗಾಗುವುದಿಲ್ಲ. ಪಿನ್ ಇರುವ ಗ್ಲಾಸಿಗೆ ಮಾತ್ರ ಇದು ಕೂರುತ್ತದೆ, ಕೊಳ್ಳುವ ಮೊದಲು ಗ್ಲಾಸಿನ ಎರಡೂ ತುದಿ ನೋಡಿ. ಹಾಳೆಗೂ ಗ್ಲಾಸಿಗೂ ನಡುವೆಯೇ ಮಬ್ಬು ಕೂತರೆ ಸಿಲಿಕೋನ್ ಸರಿಯಾಗಿ ಒತ್ತಿಲ್ಲ ಎಂದರ್ಥ. ಪಿನ್ನುಗಳ ನಡು ಒಂದು ಪಕ್ಕಕ್ಕೆ ಸರಿದಿರುತ್ತದೆ, ಸ್ವಲ್ಪ ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ಪಿನ್ ಇಲ್ಲದ ಗ್ಲಾಸಿಗೆ ಒಂದು ಹನಿ ಶಾಂಪೂ ಒಳಗೆ ಸವರಿ, ಒಣಗಿಸಿ, ಮೆತ್ತನೆ ಬಟ್ಟೆಯಲ್ಲಿ ಪಾರದರ್ಶಕವಾಗುವ ತನಕ ಉಜ್ಜಿ. ಒಂದು ದಿನದ ಮಾತು ಅದು, ಕಾರ್ಖಾನೆಯ ಮಬ್ಬುನಿರೋಧಕ ಲೇಪ ಇರುವುದಕ್ಕೆ ಹಚ್ಚಬೇಡಿ.

ಹೊರಗಿನ ಮಬ್ಬು ಬೇರೆ. ಹುಲಿಕಲ್ ಘಾಟಿಯಲ್ಲೋ ಆಗುಂಬೆಯಲ್ಲೋ ಮೋಡದೊಳಗೇ ಓಡಿಸುವಾಗ ಸಾಸಿವೆಗಿಂತ ಸಣ್ಣ ಹನಿ ಗ್ಲಾಸಿನ ಹೊರಮೈ ತುಂಬುತ್ತದೆ. ನಿಧಾನವಾಗಿ ಹೋಗುವುದರಿಂದ ಗಾಳಿಯೂ ಅದನ್ನು ತಳ್ಳುವುದಿಲ್ಲ. ಪಿನ್‌ಲಾಕ್ ಇಲ್ಲಿ ಏನೂ ಮಾಡದು. ಗ್ಲಾಸು ಒರೆಸಲೆಂದು ಎಡಗೈ ಗ್ಲೌಸಿನ ತೋರುಬೆರಳಿಗೆ ಮೆತ್ತನೆ ರಬ್ಬರಿನ ಪಟ್ಟಿ ಇರುವ ಜೋಡಿ ತೆಗೆದುಕೊಂಡೆ, ಬಲಗೈ ಆಕ್ಸಿಲರೇಟರ್ ಬಿಡುವ ಹಾಗಿಲ್ಲವಲ್ಲ. ಸ್ಮೋಕ್ ಗ್ಲಾಸು ಈ ದಾರಿಗೆ ಬೇಡವೇ ಬೇಡ; ಮಳೆಗಾಲದ ಮೂರು ಗಂಟೆಯೇ ಇಲ್ಲಿ ಸಂಜೆ.

ಒಣ ಬಟ್ಟೆಯಲ್ಲಿ ಗ್ಲಾಸು ಒರೆಸಿದರೆ ಕೆಂಪು ಮಣ್ಣಿನ ರಾಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಎದುರು ಬಸ್ಸಿನ ಲೈಟು ಆ ಗೀರುಗಳಲ್ಲಿ ಜೇಡರಬಲೆಯಾಗಿ ಹರಡಿ ರಸ್ತೆಯ ಅಂಚೇ ಕಾಣುವುದಿಲ್ಲ. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ, ಹುಳ, ಮಣ್ಣು ನೆನೆದು ಬಿಡುತ್ತವೆ, ಆಮೇಲೆ ಧಾರಾಳ ನೀರು. ಪೆಟ್ರೋಲು, ಥಿನ್ನರು, ಅಮೋನಿಯಾ ಇರುವ ಕಿಟಕಿ ಗಾಜಿನ ದ್ರಾವಣ ಯಾವುದೂ ಬೇಡ. ಪಾಲಿಕಾರ್ಬೊನೇಟ್ ಕಣ್ಣಿಗೆ ಕಾಣದಂತೆ ಸಣ್ಣಗೆ ಬಿರಿಯುತ್ತದೆ.

ಪಟ್ಟಿಗೆ ನಾನು ಆರಿಸಿದ್ದು ಜೋಡಿ ಡಿ ಉಂಗುರ. ಪಟ್ಟಿಯನ್ನು ಎರಡೂ ಉಂಗುರದೊಳಗೆ ತೂರಿಸಿ, ಹೊರಗಿನದರ ಮೇಲಿಂದ ತಿರುಗಿಸಿ, ಒಳಗಿನದರಲ್ಲಿ ಮಾತ್ರ ವಾಪಸ್ ತೆಗೆದು ಎಳೆಯಬೇಕು. ತುದಿಯ ಪ್ರೆಸ್ ಬಟನ್ ಪಟ್ಟಿ ಹಾರಾಡದಿರಲಿ ಎಂದಷ್ಟೇ, ಅದನ್ನೇ ಲಾಕ್ ಎಂದುಕೊಂಡವರನ್ನು ನೋಡಿದ್ದೇನೆ. ಹಲ್ಲಿನ ಲಾಕ್ ಬಳಸುವುದು ಸುಲಭ, ಆದರೆ ರಾಡಿ ಕೂತರೆ ಕಚ್ಚುವುದಿಲ್ಲ, ಪಟ್ಟಿಯೂ ವಾರಗಟ್ಟಲೆ ಇಷ್ಟಿಷ್ಟೇ ಜಾರುತ್ತದೆ. ಯಾವುದಾದರೂ ಸರಿ, ಗದ್ದದ ಕೆಳಗೆ ಎರಡು ಬೆರಳಿನ ಜಾಗ, ಹೆಚ್ಚಿಲ್ಲ.

ಒಳಬಟ್ಟೆ ಪೂರ್ತಿ ಬಿಚ್ಚಿ ಬರಬೇಕು, ಇದು ಇಲ್ಲಿಯವರ ಶರತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚದ ಹೆಲ್ಮೆಟ್ಟಿಗೆ ಬೂಷ್ಟು ಹಿಡಿದೇ ಹಿಡಿಯುತ್ತದೆ, ಆಮೇಲೆ ತಲೆ ತುರಿಕೆ. ಅಂಗಡಿಯಲ್ಲೇ ಬಟನ್ ಬಿಚ್ಚಿ ಮತ್ತೆ ಹಾಕಿ ನೋಡಿದೆ. ಆ ಮಾಡೆಲ್ಲಿಗೆ ಕೆನ್ನೆ ಸ್ಪಂಜು ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿ, ಇನ್ನೊಂದು ಜೊತೆ ಕೊಂಡೆ. ಜಡಿಮಳೆಯಲ್ಲಿ ತೊಳೆದದ್ದು ಒಣಗಲು ಎರಡು ದಿನ ಬೇಕು. ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುಂಬಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ. ಬಚ್ಚಲೊಲೆಯ ಮೇಲೆ, ಅಡಿಕೆ ಬೇಯಿಸುವ ಒಲೆಯ ಪಕ್ಕ ನೇತುಹಾಕಬೇಡಿ. ನೀರು ಕುದಿಯುವ ಬಿಸಿ ಮುಟ್ಟುವ ಮೊದಲೇ ಥರ್ಮಾಕೋಲ್ ಮೆತ್ತಗಾಗಿ ಕುಗ್ಗುತ್ತದೆ. ಬೈಕಿನ ಕನ್ನಡಿಗೆ ಸಿಕ್ಕಿಸಿದರೂ ಅದಕ್ಕೆ ಗುಳಿ ಬೀಳುತ್ತದೆ.

ಬಣ್ಣ ಬಿಳಿ. ಮಂಜಿನಲ್ಲಿ ಹಳದಿ, ಕಿತ್ತಳೆ ಇನ್ನೂ ಚೆನ್ನಾಗಿ ಕಾಣುತ್ತವೆ, ನನ್ನ ಸೈಜಿನಲ್ಲಿ ಇರಲಿಲ್ಲ. ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆ. ಮ್ಯಾಟ್ ಕಪ್ಪು ಕಾಡಿನ ರಸ್ತೆಯಲ್ಲಿ ಕರಗಿಹೋಗುತ್ತದೆ. ಜಗಲಿಯಲ್ಲಿ ಇಟ್ಟದ್ದನ್ನು ಹಾಕಿಕೊಳ್ಳುವ ಮೊದಲು ತಲೆಕೆಳಗು ಮಾಡಿ ಎರಡು ಸಲ ತಟ್ಟಿ. ಕಣಜ ಗೂಡು ಕಟ್ಟಲು ಆರಿಸುವುದು ಕೆನ್ನೆ ಸ್ಪಂಜಿನ ಹಿಂದಿನ ಸಂದಿಯನ್ನೇ.